ಮುತ್ತಾತನ ರೇಸ್ ಕಪ್: ಕರಗಿಸಬೇಕಾ, ಇಟ್ಟುಕೊಳ್ಳಬೇಕಾ?

ಪ್ರಶ್ನೆ: ನಮಸ್ಕಾರ ಸರ್. ನಾವು ಮೈಸೂರಿನವರು. ಅಮ್ಮನ ಟ್ರಂಕಿನಲ್ಲಿ ಒಂದು ಬೆಳ್ಳಿ ಕಪ್ ಸಿಕ್ಕಿತು. ಎರಡು ಹಿಡಿ, ಮೇಲೊಂದು ಮುಚ್ಚಳ. ಹೊಟ್ಟೆಯ ಮೇಲೆ ಇಂಗ್ಲಿಷಿನಲ್ಲಿ ‘ಮೈಸೂರು 1908’ ಅಂತ ಕೆತ್ತಿದ್ದಾರೆ. ಕೆಳಗೆ ಕುದುರೆಯ ಹೆಸರು, ಅದು ಸವೆದುಹೋಗಿದೆ. ನಮ್ಮ ಮುತ್ತಾತ ಲಾಯದಲ್ಲಿ ಕುದುರೆ ನೋಡಿಕೊಳ್ಳುತ್ತಿದ್ದರು. ಗೆದ್ದ ಖುಷಿಗೆ ಯಜಮಾನರು ಕೊಟ್ಟದ್ದಂತೆ. ಅಂಚಿನಲ್ಲಿ ಲಂಗರು, ಸಿಂಹ, ಇಂಗ್ಲಿಷಿನ ಸಣ್ಣ ‘ಜಿ’ ಇವೆ. ತೂಕ 540 ಗ್ರಾಂ. ಅಂಗಡಿಯವರು ಹಿಡಿಯ ಹತ್ತಿರ ಉಜ್ಜಿ ನೋಡಿ 70 ಟಚ್, ಅಂದರೆ 100ಕ್ಕೆ 70 ಪಾಲು ಬೆಳ್ಳಿ, ಅಂದರು. ಕರಗಿಸಿ ದೀಪ ಮಾಡಿಸಿಕೊಳ್ಳಿ ಅಂತಾರೆ. ತುಂಬಾ ಕಪ್ಪಾಗಿದೆ, ಹುಣಸೆಹಣ್ಣು ಹಾಕಿ ತಿಕ್ಕಬಹುದಾ?

ಉತ್ತರ: ದಯವಿಟ್ಟು ಕರಗಿಸಬೇಡಿ ಮೇಡಂ. ಹುಣಸೆಹಣ್ಣೂ ಬೇಡ.

ಮೊದಲು ಮುದ್ರೆ ಓದೋಣ. ಲಂಗರು ಅಂದರೆ ಬರ್ಮಿಂಗ್‌ಹ್ಯಾಮ್‌ನಲ್ಲಿ ಪರೀಕ್ಷೆಯಾದ ಬೆಳ್ಳಿ. ಮುಂಗಾಲು ಎತ್ತಿ ನಡೆಯುವ ಸಿಂಹ ಅಂದರೆ ಸ್ಟರ್ಲಿಂಗ್, 1000ಕ್ಕೆ 925 ಪಾಲು ಬೆಳ್ಳಿ. ಅಕ್ಷರ ವರ್ಷಕ್ಕೊಂದು ಬದಲಾಗುತ್ತಿತ್ತು. ಅಲ್ಲಿ 1900ಕ್ಕೆ ಸಣ್ಣ ‘ಎ’, ಹಾಗೆ ಎಣಿಸಿದರೆ ‘ಜಿ’ 1906ಕ್ಕೆ ಬರುತ್ತದೆ. ಕೆತ್ತನೆ 1908 ಅನ್ನುತ್ತದೆ, ಅದರಲ್ಲಿ ತಪ್ಪೇನಿಲ್ಲ. ಖಾಲಿ ಕಪ್ ತಂದಿಟ್ಟುಕೊಂಡು, ರೇಸ್ ಗೊತ್ತಾದ ಮೇಲೆ ಹೆಸರು ಕೆತ್ತಿಸುವುದು ಇತ್ತು. ಕೆತ್ತನೆಗಿಂತ ಮುದ್ರೆ ಹೊಸದಾಗಿದ್ದರೆ ಮಾತ್ರ ನಾನು ಅನುಮಾನ ಪಡುತ್ತಿದ್ದೆ. ಮೈಸೂರು ರೇಸ್ ಕ್ಲಬ್ ಶುರುವಾಗಿದ್ದು 1891ರಲ್ಲಿ, ಹಾಗಾಗಿ ಊರು, ವರ್ಷ ಎರಡೂ ಹೊಂದುತ್ತವೆ.

ಇನ್ನು 70 ಟಚ್. ಹಿಡಿ ಕೂಡಿಸುವ ಬೆಸುಗೆಯಲ್ಲಿ ಬೆಳ್ಳಿ ಕಡಿಮೆ ಇರುತ್ತದೆ. ಅಲ್ಲೇ ಉಜ್ಜಿದರೆ ಟಚ್ ಕಡಿಮೆ ತೋರಿಸುತ್ತದೆ. 925ರ ಲೆಕ್ಕದಲ್ಲಿ ನಿಮ್ಮ ಕಪ್ಪಿನಲ್ಲಿ ಸುಮಾರು 500 ಗ್ರಾಂ ಶುದ್ಧ ಬೆಳ್ಳಿ ಇದೆ. 70ರ ಲೆಕ್ಕದಲ್ಲಿ 378 ಗ್ರಾಂ. ಅಲ್ಲೇ 120 ಗ್ರಾಂ ಹೋಯಿತು. ಒಂದೇ ಒಂದು ಷರತ್ತು: ಪಾದದೊಳಗೆ ಅರಗು ಅಥವಾ ಗಾರೆ ತುಂಬಿರಬಾರದು. ಬೆರಳಿನಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಒಳ್ಳೆಯದು.

ಆದರೆ ತೂಕದ ಮಾತು ಇಲ್ಲಿಗೆ ಸಾಕು. ಈ ಕಪ್ಪಿಗೆ ಬೆಲೆ ತರುವುದು ಆ ಕೆತ್ತನೆ. ಊರು, ವರ್ಷ, ಕುದುರೆ ಮೂರೂ ಇದ್ದರೆ ಹಳೇ ರೇಸಿಂಗ್ ಕ್ಯಾಲೆಂಡರ್‌ಗಳಲ್ಲಿ, ಆ ಕಾಲದ ಪತ್ರಿಕೆಗಳಲ್ಲಿ ರೇಸನ್ನೇ ಹುಡುಕಬಹುದು. ಆ ಹೆಸರು ಸವೆದದ್ದು ಸುಮ್ನೆ ಅಲ್ಲ, ವರ್ಷ ವರ್ಷ ತಿಕ್ಕಿ ತಿಕ್ಕಿ. ಕಪ್ಪು ಅಂದರೆ ಗಂಧಕದ ಜೊತೆ ಸೇರಿದ ಬೆಳ್ಳಿಯೇ. ವಿಭೂತಿ, ಟೂತ್‌ಪೇಸ್ಟ್ ಯಾವುದರಲ್ಲಿ ತಿಕ್ಕಿದರೂ ಅದರ ಜೊತೆ ಒಂದು ಪದರ ಹೋಗುತ್ತದೆ. ಉಗುರುಬೆಚ್ಚಗಿನ ನೀರು, ಒಂದು ಹನಿ ಸೋಪು, ಮೆತ್ತನೆ ಹತ್ತಿ ಬಟ್ಟೆ ಸಾಕು. ತಕ್ಷಣ ಒರೆಸಿ. ನೀರಲ್ಲಿ ನೆನೆಸಬೇಡಿ. ರಬ್ಬರ್ ಬ್ಯಾಂಡ್, ಉಣ್ಣೆ ಬಟ್ಟೆ ಹತ್ತಿರವೂ ಇಡಬೇಡಿ, ಅವು ಬೆಳ್ಳಿಯನ್ನು ಬೇಗ ಕಪ್ಪು ಮಾಡುತ್ತವೆ.

ಪ್ರಶ್ನೆ (ಅವರದೇ): ಎಷ್ಟು ಸಮಾಧಾನ ಆಯ್ತು ಸರ್! ತಟ್ಟಿದೆ, ಟೊಳ್ಳೇ. ಅಮೆರಿಕದಲ್ಲಿರುವ ಅಣ್ಣ ತಾನು ಒಯ್ಯುತ್ತೇನೆ ಅಂತಿದ್ದಾನೆ. ಕೊಡಬಹುದಾ?

ಉತ್ತರ: ಬೇಡ ಮೇಡಂ. 1972ರ ಪುರಾತನ ವಸ್ತುಗಳ ಕಾಯ್ದೆ ಇದೆ. 100 ವರ್ಷ ದಾಟಿದ ಇಂಥ ಕುಸುರಿ ವಸ್ತುಗಳನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ನಿಮ್ಮದಕ್ಕೆ 100 ದಾಟಿದೆ. ಅಣ್ಣನಿಗೆ ಒಳ್ಳೆಯ ಫೋಟೋ ಕಳಿಸಿ.

ಇನ್ನೊಬ್ಬರ ಪ್ರಶ್ನೆ: ಸರ್, ನಮ್ಮ ಮನೆಯ ಕಪ್ಪಿನ ಅಡಿಯಲ್ಲಿ ‘ಇ.ಪಿ.ಎನ್.ಎಸ್.’ ಅಂತಿದೆ. ಅದೂ ಬೆಳ್ಳಿಯೇ ಅಲ್ವಾ?

ಉತ್ತರ: ಅಲ್ಲ. ನಾವು ಜರ್ಮನ್ ಸಿಲ್ವರ್ ಅನ್ನುತ್ತೇವಲ್ಲ, ತಾಮ್ರ, ನಿಕ್ಕಲ್, ಸತುವಿನ ಮಿಶ್ರಣ, ಅದರ ಮೇಲೆ ಕೊಟ್ಟ ಬೆಳ್ಳಿ ನೀರು. ಇದನ್ನಂತೂ ತಿಕ್ಕಲೇಬೇಡಿ, ಒಳಗಿನ ಲೋಹ ಬೇಗ ಕಾಣುತ್ತದೆ. ಆದರೆ ಸಿಂಹವಿಲ್ಲದ ಕಪ್ಪೆಲ್ಲ ಲೇಪದ್ದು ಅಂದುಕೊಳ್ಳಬೇಡಿ. ಆಗ ನಮ್ಮ ದೇಶದಲ್ಲಿ ಇಂಗ್ಲೆಂಡಿನಂತೆ ಕಡ್ಡಾಯ ಮುದ್ರೆ ಇರಲಿಲ್ಲ. ಮದ್ರಾಸಿನ ಪಿ. ಓರ್ ಅಂಡ್ ಸನ್ಸ್‌ನಂಥವರು ತಮ್ಮ ಹೆಸರನ್ನೇ ಒತ್ತುತ್ತಿದ್ದರು.

ಮೊದಲಿನವರಿಗೆ ಇನ್ನೊಂದು ಮಾತು. ರಾತ್ರಿ ದೀಪ ಆರಿಸಿ, ಟಾರ್ಚನ್ನು ಕಪ್ಪಿನ ಪಕ್ಕದಿಂದ ಅಡ್ಡಲಾಗಿ ಹಿಡಿಯಿರಿ. ಸವೆದ ಗೆರೆಗಳಲ್ಲಿ ನೆರಳು ಬೀಳುತ್ತದೆ. ಕುದುರೆಯ ಹೆಸರು ಎಷ್ಟು ಕಂಡರೆ ಅಷ್ಟು ಬರೆದುಕೊಳ್ಳಿ.

ಮೊದಲಿನವರು: ಈಗಷ್ಟೇ ನೋಡಿದೆ ಸರ್. ಕೊನೆಯ ಮೂರು ಅಕ್ಷರ ಕಾಣುತ್ತಿವೆ! ಅಮ್ಮ ಪಕ್ಕದಲ್ಲೇ ಕೂತು ಬರೆದುಕೊಳ್ಳುತ್ತಿದ್ದಾರೆ.