ತುರ್ತು: ‘ಕ್ರೀಮಿ’ ಕೋಳಿ–ಜೋಳದ ಸೂಪಿಗೆ ಪದ ಬೇಕು

ಕುಂಬಳೆಯಿಂದ

ಎಲ್ಲರಿಗೂ ನಮಸ್ಕಾರ. ಒಂದು ಹೋಟೆಲಿನ ಫಲಕ (ಮಲಯಾಳ, ಕನ್ನಡ ಎರಡರಲ್ಲೂ) ಮತ್ತು ಅದೇ ಸೂಪನ್ನು ಮನೆಯಲ್ಲಿ ಮಾಡುವ ಕ್ರಮದ ಒಂದು ಪುಟ ನಾಳೆ ಮಧ್ಯಾಹ್ನದೊಳಗೆ ಮುದ್ರಣಕ್ಕೆ ಹೋಗಬೇಕು. ಮೆಕ್ಸಿಕೊ ರುಚಿಯ ಕೋಳಿ–ಜೋಳದ ಸೂಪ್. ನಾಲ್ಕು ಕಡೆ ಸಿಕ್ಕಿಕೊಂಡಿದ್ದೇನೆ: ಕ್ರೀಮಿ, ಸ್ಟಾಕ್ (ಮಾಂಸ ಬೇಯಿಸಿ ಸೋಸಿದ ನೀರು), ಸಿಮ್ಮರ್ (ಕುದಿ ಉಕ್ಕದ ಹಾಗೆ ಮೆಲ್ಲನೆ ಬೇಯಿಸುವುದು), ಹಾಲು ‘ಕರ್ಡಲ್’ ಆಗುವುದು. ಯಂತ್ರಾನುವಾದ ‘ಕೆನೆಭರಿತ’ ಎಂದು ಕೊಟ್ಟಿದೆ. ಫಲಕದಲ್ಲಿ ಅದನ್ನು ಹಾಕಲು ಮನಸ್ಸಿಲ್ಲ.

ಪದ ಎಲ್ಲಿ ಕೂರಬೇಕೆಂದು ಗೊತ್ತಾಗಲು ಕ್ರಮವನ್ನೂ ಬರೆಯುತ್ತೇನೆ. ನಾಲ್ಕು ಜನಕ್ಕೆ ಎಲುಬಿರುವ ಕೋಳಿಕಾಲು ಅರ್ಧ ಕಿಲೊ, ನೀರು ಒಂದೂಕಾಲು ಲೀಟರ್, ಉಪ್ಪು. ಸಣ್ಣ ಉರಿಯಲ್ಲಿ 30 ನಿಮಿಷ. ಮಾಂಸ ಬಿಡಿಸಿ, ನೀರು ಸೋಸಿ ಇಡಬೇಕು. 3 ತೆನೆಯ ಕಾಳಿನಲ್ಲಿ ಮೂರರಲ್ಲೊಂದು ಪಾಲು ಅರೆಯಬೇಕು. 2 ದೊಡ್ಡ ಚಮಚ ಬೆಣ್ಣೆಯಲ್ಲಿ ಒಂದು ನೀರುಳ್ಳಿ, 4 ಎಸಳು ಬೆಳ್ಳುಳ್ಳಿ, 1 ಸಣ್ಣ ಚಮಚ ಜೀರಿಗೆ ಹುಡಿ ಬಾಡಿಸಿ, 2 ದೊಡ್ಡ ಚಮಚ ಮೈದಾ ಹಾಕಿ 2 ನಿಮಿಷ ಹುರಿದು, ಸೋಸಿದ ನೀರನ್ನು ಸ್ವಲ್ಪ ಸ್ವಲ್ಪವೇ ಎರೆಯಬೇಕು. ಕಾಳು, ಅರೆದದ್ದು, ಕೆಂಡದಲ್ಲಿ ಸುಟ್ಟು ಸಿಪ್ಪೆ ತೆಗೆದ 2 ದಪ್ಪ ಹಸಿಮೆಣಸು ಸೇರಿಸಿ 15 ನಿಮಿಷ. ಆಮೇಲೆ ಒಂದು ಲೋಟ ಹಾಲು, ಅರ್ಧ ಲೋಟ ಕೆನೆ, ತುರಿದ ಚೀಸ್ 100 ಗ್ರಾಂ, ಬಿಡಿಸಿದ ಮಾಂಸ. ಒಲೆ ಆರಿಸಿದ ಮೇಲೆ ನಿಂಬೆರಸ, ಕೊತ್ತಂಬರಿ ಸೊಪ್ಪು.

ನೀರ್ಚಾಲಿನಿಂದ

‘ಕೆನೆಭರಿತ’ ಬೇಡವೇ ಬೇಡ. ಕನ್ನಡದ ಕೆನೆಗೆ ಸಂಸ್ಕೃತದ ಬಾಲ. ‘ಸೂಪ್’ ಕೂಡ ಬೇಡ.

ನಮ್ಮಲ್ಲಿ ಪದ ಇದೆ: ಗಸಿ. ಎಣ್ಣೆಡಬ್ಬಿಯ ಅಡಿಯಲ್ಲಿ, ತುಪ್ಪ ಕಾಯಿಸಿದ ಪಾತ್ರೆಯ ತಳದಲ್ಲಿ ಮಂದವಾಗಿ ನಿಲ್ಲುವುದು ಗಸಿ. ತುಳುವಿನ ಕೋರಿ ಗಸಿಯೂ (ಮಂದವಾದ ಕೋಳಿಸಾರು) ಅಲ್ಲಿಂದಲೇ ಬಂದಿರಬೇಕು. ಮಂದ ಎಂಬ ಅರ್ಥ ಪದದೊಳಗೇ ಇರುವಾಗ ಇನ್ನೊಂದು ವಿಶೇಷಣ ಯಾಕೆ? ‘ಕೋಳಿ–ಜೋಳದ ಗಸಿ’ ಎಂದು ಬರೆಯಿರಿ. ಸ್ಟಾಕಿಗೆ ‘ಕಟ್ಟು’. ಬೇಳೆಕಟ್ಟು, ಹುರುಳಿಕಟ್ಟು ಇದ್ದ ಹಾಗೆ ಕೋಳಿಕಟ್ಟು.

ಮಂಜೇಶ್ವರದಿಂದ

> ‘ಕೋಳಿ–ಜೋಳದ ಗಸಿ’ ಎಂದು ಬರೆಯಿರಿ.

ಬರೆಯಬೇಡಿ. ಗಸಿ ಎಂದು ಓದಿದವರ ಕಣ್ಣಿಗೆ ಬರುವುದು ಹುರಿದ ಮೆಣಸು–ಕೊತ್ತಂಬರಿ, ಅರೆದ ತೆಂಗಿನಕಾಯಿ, ಪಕ್ಕದಲ್ಲಿ ಗರಿಗರಿ ರೊಟ್ಟಿ. ಅವರ ಮುಂದೆ ಬೆಳ್ಳಗಿನ ಬಟ್ಟಲು ಇಟ್ಟರೆ ಮೋಸ ಮಾಡಿದ ಹಾಗೆ. ಮಾಷ್ಟ್ರೇ, ನಿಮ್ಮದೇ ವ್ಯುತ್ಪತ್ತಿಯನ್ನು ಹಿಡಿದರೂ ಅದು ಇಲ್ಲಿಗೆ ಹೊಂದುವುದಿಲ್ಲ. ಗಸಿ ತಳದಲ್ಲಿ ನಿಲ್ಲುವುದು. ಈ ಸೂಪಿನ ತಳದಲ್ಲಿ ಏನೂ ನಿಲ್ಲಬಾರದು. ನಿಂತಿದ್ದರೆ ಮೈದಾ ಗಂಟು ಕಟ್ಟಿದೆ ಎಂದರ್ಥ.

‘ಕ್ರೀಮಿ’ ಎಂದ ಕೂಡಲೇ ಕೆನೆಯನ್ನು ಹುಡುಕುವುದೇ ತಪ್ಪು. ಮೇಲಿನ ಕ್ರಮದಲ್ಲಿ ಅರ್ಧ ಲೋಟ ಕೆನೆಯನ್ನು ಬಿಟ್ಟು ನೋಡಿ, ಸೂಪ್ ಕ್ರೀಮಿಯಾಗಿಯೇ ಇರುತ್ತದೆ. ಆ ಗುಣ ಬರುವುದು ಅರೆದ ಕಾಳಿನ ಪಿಷ್ಟದಿಂದ, ಬೆಣ್ಣೆಯಲ್ಲಿ ಹುರಿದ ಮೈದಾದಿಂದ. ಸೌಟಿನ ಹಿಂಬದಿಯಲ್ಲಿ ಬೆರಳೆಳೆದರೆ ಗೆರೆ ಹಾಗೇ ನಿಲ್ಲಬೇಕು, ನಾಲಗೆಗೆ ತರಿ ಸಿಗಬಾರದು. ಇದಕ್ಕೆ ಕನ್ನಡದಲ್ಲಿ ‘ನುಣ್ಣನೆಯ’ ಎನ್ನುತ್ತೇವೆ. ಅರೆಯುವ ಕಲ್ಲಿನ ಮುಂದೆ ಕೂತವರೆಲ್ಲ ಬಳಸುವ ಪದ.

ಕರ್ಡಲ್‌ಗೆ ‘ಒಡೆಯುವುದು’ ಸಾಕು. ಆದರೆ ಪುಟದಲ್ಲಿ ಎರಡು ಕೇಡುಗಳನ್ನು ಒಂದೇ ಪದದಲ್ಲಿ ಕಟ್ಟಬೇಡಿ. ನಿಂಬೆರಸವನ್ನು ಕುದಿಯುವಾಗಲೇ ಹಿಂಡಿದರೆ ಹಾಲು ಒಡೆಯುತ್ತದೆ. ಪಾತ್ರೆಯ ಅಂಚಿನಲ್ಲಿ ರವೆಯಂಥ ಬಿಳಿ ಕಾಳು, ನಡುವೆ ಹಳದಿ ನೀರು. ಚೀಸನ್ನು ಕುದಿಯಲ್ಲಿ ಹಾಕಿದರೆ ಅದು ‘ಎಣ್ಣೆ ಬಿಡುತ್ತದೆ’, ಉಳಿದದ್ದು ರಬ್ಬರಿನಂತೆ ಸೌಟಿಗೆ ಸುತ್ತಿಕೊಳ್ಳುತ್ತದೆ. ಮೊದಲನೆಯದಕ್ಕೆ ಕಾರಣ ಹುಳಿ, ಎರಡನೆಯದಕ್ಕೆ ಅತಿಬಿಸಿ.

ಸಿಮ್ಮರ್‌ಗೆ ಒಂದೇ ಪದ ಹುಡುಕಬೇಡಿ. ‘ಅಂಚಿನಲ್ಲಷ್ಟೇ ಗುಳ್ಳೆ ಏಳುವ ಹಾಗೆ ಸಣ್ಣ ಉರಿಯಲ್ಲಿ’ ಎಂದು ಬರೆದರೆ ಓದಿದವರಿಗೆ ಒಲೆಯ ತಿರುಪು ಎಲ್ಲಿರಬೇಕೆಂದು ತಿಳಿಯುತ್ತದೆ.

ಸೊಲ್ಲಾಪುರದಿಂದ

ಸರ್ರ, ನೀವೆಲ್ಲಾ ಕ್ರೀಮಿ ಹಿಡಕೊಂಡು ಕುಂತೀರಿ, ಮೊದಲನೇ ಪದಾನ ತಪ್ಪೈತಿ. ನಮ್ಮ ಕಡೆ ಜೋಳ ಅಂದ್ರ ಬಿಳಿಜೋಳ, ಮಂಗಳವೇಡೆ ಕಡೀದು, ರೊಟ್ಟಿ ಬಡಿಯೂದು. ನೀವು ಹೇಳೂದು ಗೊಂಜಾಳ, ಅಂದ್ರ ಗೋವಿನಜೋಳ. ‘ಕೋಳಿ–ಜೋಳದ ಸೂಪ್’ ಅಂತ ಓದಿದ್ರ ಇಲ್ಲಿಯವ್ರು ರೊಟ್ಟಿ ಹಿಟ್ಟಿನ ಅಂಬಲಿ ಅಂತ ತಿಳಕೋತಾರ.

ಫಲಕದಾಗ ಹೆಂಗರ ನಡೀಲಿ, ಪುಟದಾಗ ಇದು ಅಡಿಗೀನ ಕೆಡಸ್ತೈತಿ. ಮಂದ ಮಾಡಾಕ ‘ಜೋಳದ ಹಿಟ್ಟು’ ಅಂತ ಬರದ್ರಿ ಅಂದ್ರ ಮೂರು ಮಂದಿ ಮೂರು ಹಿಟ್ಟು ಹಾಕ್ತಾರ: ಒಬ್ಬರು ರೊಟ್ಟಿ ಹಿಟ್ಟು, ಒಬ್ಬರು ಅಂಗಡಿಯ ಬಿಳಿ ಕಾರ್ನ್‌ಫ್ಲೋರ್, ಒಬ್ಬರು ಹಳದಿ ಮೆಕ್ಕಿ ಹಿಟ್ಟು. ಕಾರ್ನ್‌ಫ್ಲೋರ್ ಬರೇ ಪಿಷ್ಟ, ತಣ್ಣೀರಾಗ ಕಲಸಿ ಹಾಕಿದ್ರ ಒಂದೆರಡು ನಿಮಿಷದಾಗ ಬಿಗೀತೈತಿ. ಹಳದಿ ಹಿಟ್ಟು ಬೇಯಾಕ ಹೊತ್ತು ಬೇಕು, ತರಿ ಉಳೀತೈತಿ.

ನೀರ್ಚಾಲಿನಿಂದ

‘ಮೆಕ್ಕೆ’ ಹೆಸರು ಬಂತಲ್ಲ, ಒಂದು ಮಾತು. ಅದು ಮಕ್ಕಾ ಊರಿನಿಂದ ಬಂತು ಎಂಬ ಕತೆಯನ್ನು ಇನ್ನಾದರೂ ಬಿಡಿ. ಮೆಕ್ಕೆ ಎಂಬ ಬಳ್ಳಿಕಾಯಿ ಕನ್ನಡದಲ್ಲಿ ಮೊದಲೇ ಇತ್ತು. ಪದ ನಮ್ಮದು.

ಹೊಸೂರಿನಿಂದ

ಉಚ್ಚಾರ ಒಂದೇ ಆದ ಮಾತ್ರಕ್ಕೆ ಬೇರು ಒಂದೇ ಆಗುವುದಿಲ್ಲ. ಸೌತೆಯ ಜಾತಿಯ ಬಳ್ಳಿಗೂ ಈ ತೆನೆಗೂ ಏನು ಸಂಬಂಧ? ಹಿಂದಿ, ಮರಾಠಿಯ ಮಕ್ಕಾ ಪಕ್ಕದಲ್ಲೇ ಇರುವಾಗ ಬಳ್ಳಿ ಹತ್ತುವುದು ಬೇಡ. ನಮ್ಮ ಕಡೆ ‘ಮುಸುಕಿನ ಜೋಳ’. ತೆನೆಯ ಮೇಲಿನ ಮುಸುಕನ್ನು ಕಂಡು ಇಟ್ಟ ಹೆಸರು. ಹೊರಗಿನ ಬೆಳೆಗೆ ಒಳಗಿನ ಹೆಸರು ಇಡುವುದೆಂದರೆ ಇದು.

ಹಾಗೆಂದು ಹೊರಗಿನ ಪದ ಬಂದರೆ ಭಾಷೆ ಕೆಟ್ಟಿತು ಎಂಬುದನ್ನೂ ನಾನು ಒಪ್ಪುವುದಿಲ್ಲ. ಟೊಮೆಟೊ ಮೆಕ್ಸಿಕೊದ ನಾವಾತ್ಲ್ ಭಾಷೆಯ ‘ತೊಮಾತ್ಲ್’. ನಿಮ್ಮ ಬಟಾಟೆ ಪೋರ್ಚುಗೀಸರದು. ನಮ್ಮ ಪರಂಗಿಹಣ್ಣಿನಲ್ಲಿ ಪರಂಗಿಯವನೇ ಕೂತಿದ್ದಾನೆ. ಮೆಣಸಿನಲ್ಲಿ ನಡೆದದ್ದು ಇನ್ನೊಂದು ಬಗೆ: ಪೋರ್ಚುಗೀಸರ ಹಡಗಿನಲ್ಲಿ ಮೆಕ್ಸಿಕೊದ ಕಾಯಿ ಬಂದು ನಮ್ಮ ಹಳೆಯ ಪದವನ್ನೇ ಹಿಡಿದುಕೊಂಡಿತು, ಮೊದಲಿನ ಮೆಣಸು ನಿಮ್ಮಲ್ಲಿ ‘ಒಳ್ಳೆಮೆಣಸು’ ಆಗಬೇಕಾಯಿತು. ಸೂಪ್ ಒಂದನ್ನೇ ಬಾಗಿಲಲ್ಲಿ ತಡೆದು ಏನು ಸಾಧಿಸುತ್ತೀರಿ?

ಹಿಟ್ಟಿನ ವಿಷಯಕ್ಕೆ ಒಂದು ಸೇರಿಕೆ. ಮೆಕ್ಸಿಕೊದಲ್ಲಿ ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಸಿ, ಜಾರಿದ ಸಿಪ್ಪೆಯನ್ನು ತೊಳೆದು ಅರೆಯುತ್ತಾರೆ. ಆ ಕಾಳು ‘ನಿಶ್ತಮಾಲ್’, ಅರೆದ ಮುದ್ದೆ ‘ಮಾಸಾ’, ಅದನ್ನು ಒಣಗಿಸಿದ ಹಿಟ್ಟು ‘ಮಾಸಾ ಅರೀನಾ’. 2 ದೊಡ್ಡ ಚಮಚ ಮಾಸಾ ಅರೀನಾವನ್ನು ಅರ್ಧ ಲೋಟ ತಣ್ಣೀರಿನಲ್ಲಿ ಕಲಸಿ ಎರೆದರೆ ಮೈದಾ ಬೇಕಿಲ್ಲ, ಪರಿಮಳವೂ ಅಲ್ಲಿಯದೇ. ಇದಕ್ಕೆ ‘ಸುಣ್ಣದಲ್ಲಿ ಬೆಂದ ಮುಸುಕಿನ ಜೋಳದ ಹಿಟ್ಟು’ ಎಂದು ಬಿಡಿಸಿ ಬರೆಯಿರಿ. ವೀಳ್ಯಕ್ಕೆ ಸುಣ್ಣ ಹಚ್ಚುವ ಊರಿನವರಿಗೆ ಅದು ಯಾವ ಸುಣ್ಣವೆಂದು ಹೇಳಬೇಕಿಲ್ಲ.

ನೀರ್ಚಾಲಿನಿಂದ

ಬಟಾಟೆ ಬಂದಾಗ ನಮ್ಮಲ್ಲಿ ಆ ಗೆಡ್ಡೆ ಇರಲಿಲ್ಲ, ಪದ ತಂದುಕೊಂಡದ್ದು ಸರಿ. ಮಂದ ಮಾಡಿದ ಪದಾರ್ಥ ನಮ್ಮಲ್ಲಿ ಇರಲಿಲ್ಲವೇ? ಗಸಿ, ಮೇಲಾರ (ತರಕಾರಿಗೆ ಕಾಯಿ ಅರೆದು ಮಜ್ಜಿಗೆ ಸೇರಿಸಿದ್ದು), ಕೊದಿಲು (ನಮ್ಮ ಸಾಂಬಾರು). ಕಾಸರಗೋಡಿನಲ್ಲಿ ಕನ್ನಡದ ಅಕ್ಷರ ಕಾಣುವ ಜಾಗವೇ ಕಡಿಮೆ. ಸಿಕ್ಕ ಒಂದು ಫಲಕದಲ್ಲಿ ಮೂರು ಪದಗಳಲ್ಲಿ ಎರಡು ಹೊರಗಿನವು ಆದರೆ ಅದನ್ನು ಕನ್ನಡ ಫಲಕ ಎನ್ನಲು ನನ್ನಿಂದಾಗದು.

ಮಂಜೇಶ್ವರದಿಂದ

ಫಲಕವನ್ನು ಓದಿ ಒಳಗೆ ಬಂದವನಿಗೆ ಬಟ್ಟಲಲ್ಲಿ ಏನಿದೆಯೆಂದು ಗೊತ್ತಿದ್ದರೆ ಅದು ಕನ್ನಡ ಫಲಕ. ಮೇಲಾರದಲ್ಲಿ ಕೋಳಿ ಹಾಕಿದವರನ್ನು ತೋರಿಸಿ, ಆಮೇಲೆ ಮಾತಾಡುವ.

ಕುಂಬಳೆಯಿಂದ

ಎಲ್ಲರಿಗೂ ಉಪಕಾರ. ಫಲಕದಲ್ಲಿ ಮಲಯಾಳದ ಸಾಲು ‘ಚೋಳಂ’ ಎಂದಿದೆ, ಇಲ್ಲಿಯವರ ಬಾಯಲ್ಲಿಯೂ ಜೋಳ ಎಂದರೆ ಅದೇ. ಆದರೂ ಸೊಲ್ಲಾಪುರದವರ ಮಾತು ಸರಿ, ಅಡಿಗೆಯ ಪುಟ ಊರು ದಾಟಿ ಹೋಗುತ್ತದೆ. ಎರಡರಲ್ಲೂ ಒಂದೇ ಇರಲಿ ಎಂದು ಹೀಗೆ ಕಳಿಸುತ್ತಿದ್ದೇನೆ:

ಕೋಳಿ – ಮುಸುಕಿನ ಜೋಳದ ನುಣ್ಣನೆಯ ಸೂಪ್
ಮೆಕ್ಸಿಕೊ ರುಚಿ

ಮಾಷ್ಟ್ರೇ, ನಿಮ್ಮ ‘ಕೋಳಿಕಟ್ಟು’ ಪುಟದಲ್ಲಿ ಇದೆ. ಮೊದಲ ಸಲ ಬಂದಲ್ಲಿ ‘ಕೋಳಿ ಬೇಯಿಸಿ ಸೋಸಿದ ನೀರು’ ಎಂದು ಬಿಡಿಸಿದ್ದೇನೆ, ಆಮೇಲೆ ಎಲ್ಲ ಕಡೆ ಕಟ್ಟು. ಉಳಿದದ್ದು ಒಂದೇ: ಕೆನೆಯನ್ನು ಸೇರಿಸುವ ಮೊದಲು ಅದಕ್ಕೆ ಸ್ವಲ್ಪ ಬಿಸಿ ಸೂಪ್ ಬೆರೆಸುವುದಕ್ಕೆ ಏನೆನ್ನುವುದು?

ಮಂಜೇಶ್ವರದಿಂದ

‘ಹದಕ್ಕೆ ತರುವುದು’. ಫ್ರಿಜ್ಜಿನಿಂದ ತೆಗೆದ ಕೆನೆಗೆ ಎರಡು ಸೌಟು ಬಿಸಿ ಸೂಪ್ ನಿಧಾನಕ್ಕೆ ಎರೆದು ಕದಡಿ, ಬೆಚ್ಚಗಾದ ಮೇಲೆ ಪಾತ್ರೆಗೆ ಸುರಿಯಿರಿ. ಹಾಲಿಗೂ ಹೀಗೆಯೇ ಮಾಡಬೇಕೆಂದು ಪುಟದಲ್ಲಿ ಸೇರಿಸಿ.