ಹಳೇ ಟಿವಿ ಗೇಮ್‌ಗೆ ನಾವೇ ಆಟ ಬರೆಯೋದು ಹೇಗೆ? ಮಾಡಿ ನೋಡಿದವರು ಹೇಳಿ

ಅಟ್ಟ ಗುಡಿಸುವಾಗ ನನ್ನ ಹಳೇ ಟಿವಿ ಗೇಮ್ ಸಿಕ್ಕಿತು. ಕ್ಯಾಸೆಟ್ ಊದಿ ಊದಿ ಹಾಕುತ್ತಿದ್ದೆವಲ್ಲ, ಅದೇ. 1983ರ ನಿಂಟೆಂಡೊ ಫ್ಯಾಮಿಕಾಮ್‌ನ ನಕಲು ಅಂತ ಈಗ ಗೊತ್ತಾಯಿತು. ಇದಕ್ಕೆ ಒಂದು ಚಿಕ್ಕ ಆಟ ಬರೆದು ಮಗಳ ಕೈಲಿ ಆಡಿಸುವ ಆಸೆ. ಪೈಥಾನ್ ಬರುತ್ತದೆ, ಸಿ ಕಾಲೇಜಲ್ಲಿ ಓದಿದ್ದು. ಪ್ರೊಸೆಸರ್‌ನ ಆಜ್ಞೆಗಳಲ್ಲೇ ಬರೆಯುವ ಅಸೆಂಬ್ಲಿ ಭಾಷೆ ಕಲಿಯಲೇಬೇಕಾ?

ಉತ್ತರ 1
ಕಲಿಯಲೇಬೇಕು ಅಂತೇನಿಲ್ಲ ಸಾರ್. ಸಿಸಿ65 ಅಂತ ಉಚಿತ ಸಿ ಕಂಪೈಲರ್ (ಸಿ ಕೋಡನ್ನು ಯಂತ್ರದ ಭಾಷೆಗೆ ಬದಲಿಸುವ ತಂತ್ರಾಂಶ) ಇದೆ, ನಾನು ಅದರಲ್ಲೇ ಎರಡು ಆಟ ಮುಗಿಸಿದೆ. ಆದರೆ ಕಾಲೇಜಿನ ಪಾಠ ಸ್ವಲ್ಪ ಮರೆಯಬೇಕು. ಒಳಗಿರುವುದು 6502 ಜಾತಿಯ 8 ಬಿಟ್ ಪ್ರೊಸೆಸರ್. ಗುಣಿಸುವ ಆಜ್ಞೆಯೇ ಅದಕ್ಕಿಲ್ಲ. ರ‍್ಯಾಮ್ ಬರೀ 2 ಕೆಬಿ. ಸಾಧ್ಯವಾದಲ್ಲೆಲ್ಲ ಅನ್‌ಸೈನ್ಡ್ ಚಾರ್ (0ರಿಂದ 255ರವರೆಗಿನ ಒಂದು ಬೈಟ್ ಸಂಖ್ಯೆ) ಬಳಸಿ, ವೇರಿಯಬಲ್‌ಗಳನ್ನು ಗ್ಲೋಬಲ್ (ಇಡೀ ಪ್ರೋಗ್ರಾಂಗೆ ಸಾಮಾನ್ಯ) ಮಾಡಿ. ಕಾಲೇಜಲ್ಲಿ ಗ್ಲೋಬಲ್ ಬಳಸಿದರೆ ಬೈಯುತ್ತಿದ್ದರು, ಇಲ್ಲಿ ಬಳಸದಿದ್ದರೆ ಆಟ ಕುಂಟುತ್ತದೆ.

ಉತ್ತರ 2
ಭಾಷೆಗಿಂತ ಪರದೆ ಅರ್ಥವಾಗುವುದೇ ಕಷ್ಟ. ಒಂದೊಂದೇ ಪಿಕ್ಸೆಲ್ ಬಿಡಿಸುವ ಯೋಚನೆ ಬಿಡಿ. ಹಿನ್ನೆಲೆ ಅಂದರೆ 8×8 ಪಿಕ್ಸೆಲ್‌ನ ಟೈಲ್‌ಗಳು, ಅಡ್ಡಕ್ಕೆ 32, ಉದ್ದಕ್ಕೆ 30. ಇದ್ದ ಟೈಲ್‌ಗಳನ್ನೇ ಮತ್ತೆ ಮತ್ತೆ ಬಳಸಬೇಕು. ಸೂಪರ್ ಮಾರಿಯೊದಲ್ಲಿ ಮೋಡಕ್ಕೂ ಪೊದೆಗೂ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ. ಇಡೀ ಆಟ 40 ಕೆಬಿಯಲ್ಲಿ ಮುಗಿದಿದೆ.

ಓಡಾಡುವ ಗೊಂಬೆಗಳನ್ನು ಕಟ್ಟುವುದು 8 ಪಿಕ್ಸೆಲ್ ಅಗಲದ ಸ್ಪ್ರೈಟ್ ಎಂಬ ತುಂಡುಗಳಿಂದ. ಒಟ್ಟು 64 ಇದ್ದರೂ ಒಂದು ಅಡ್ಡಗೆರೆಯಲ್ಲಿ 8 ಮಾತ್ರ ಕಾಣುತ್ತವೆ. ಇದು ಗೊತ್ತಿಲ್ಲದೆ ನಾನು ಒಂದು ವಾರ ತಲೆ ಕೆಡಿಸಿಕೊಂಡೆ. ನನ್ನ ಆಟದಲ್ಲಿ ಕಾಗೆಗಳು ಸಾಲಾಗಿ ಹಾರಬೇಕಿತ್ತು. ಒಂದು ಕಾಗೆಯ ಅಗಲಕ್ಕೆ ಎರಡು ಸ್ಪ್ರೈಟ್. ನಾಲ್ಕು ಕಾಗೆ ಚೆನ್ನಾಗಿ ಹಾರಿದವು, ಐದನೆಯದು ಮಾಯ! ಕೋಡಲ್ಲಿ ತಪ್ಪು ಹುಡುಕಿ ಹುಡುಕಿ ಸಾಕಾಯಿತು. ಕೊನೆಗೆ ಪ್ರತಿ ಫ್ರೇಮ್‌ಗೂ (ಅಂದರೆ ಪರದೆಯ ಚಿತ್ರ ಒಂದೊಂದು ಸಲ ಮೂಡಿದಾಗಲೂ) ಸ್ಪ್ರೈಟ್‌ಗಳ ಸರದಿ ಬದಲಿಸಿದೆ. ಈಗ ಎಲ್ಲ ಕಾಗೆಗಳೂ ಮಿಣುಕುತ್ತವೆ, ಆದರೆ ಯಾವುದೂ ಪೂರ್ತಿ ಕಾಣೆಯಾಗಲ್ಲ. ಚಿಕ್ಕಂದಿನಲ್ಲಿ ಗೊಂಬೆ ಮಿಣುಕಿದರೆ ಟಿವಿ ವೈರ್ ಅಲ್ಲಾಡಿಸುತ್ತಿದ್ದೆವು, ಅದೆಲ್ಲ ದಂಡ.

ಇನ್ನೊಂದು ಮಾತು. ಪರದೆ ಬದಲಾಯಿಸುವುದಿದ್ದರೆ ಎರಡು ಫ್ರೇಮ್‌ಗಳ ನಡುವಿನ ವಿ-ಬ್ಲ್ಯಾಂಕ್ ಬಿಡುವಿನಲ್ಲೇ ಬದಲಾಯಿಸಿ. ಸಿಗುವುದು ಸುಮಾರು 2,270 ಸೈಕಲ್ (ಪ್ರೊಸೆಸರ್‌ನ ಗಡಿಯಾರದ ಟಿಕ್), ಅದರಲ್ಲಿ 513 ಸ್ಪ್ರೈಟ್ ಪಟ್ಟಿ ಕಳಿಸುವುದಕ್ಕೇ ಖರ್ಚು. ಜಾಸ್ತಿ ತುರುಕಿದರೆ ಚಿತ್ರ ಎಗರಾಡುತ್ತದೆ.

ಉತ್ತರ 3
ನಾನು ಅಸೆಂಬ್ಲಿಯಲ್ಲೇ ಬರೆದೆ, ಸುಮ್ನೆ ಹಟಕ್ಕೆ. ಕಂಪ್ಯೂಟರಿನಲ್ಲಿ ಆ ಸೆಟ್‌ನಂತೆಯೇ ನಡೆಯುವ ಎಮ್ಯುಲೇಟರ್ ಎಂಬ ತಂತ್ರಾಂಶದಲ್ಲಿ ಆಟ ಚೆನ್ನಾಗಿ ಓಡಿತು. ನಿಜವಾದ ಸೆಟ್‌ಗೆ ಹಾಕಿ ಸ್ನೇಹಿತರನ್ನೆಲ್ಲ ಕರೆದೆ. ಆಟ ಶುರುವಾಗುವ ಮೊದಲೇ ಸ್ಕೋರ್ ಜಾಗದಲ್ಲಿ ಏನೇನೋ ಅಂಕಿ! ಕರೆಂಟ್ ಕೊಟ್ಟಾಗ ರ‍್ಯಾಮ್‌ನಲ್ಲಿ ಸೊನ್ನೆ ಇರಲೇಬೇಕೆಂದಿಲ್ಲ, ಕಸ ಇರುತ್ತದೆ. ನನ್ನ ಎಮ್ಯುಲೇಟರ್ ಸೊನ್ನೆ ತುಂಬಿಟ್ಟಿತ್ತು, ನಾನು ಒರೆಸುವುದನ್ನೇ ಮರೆತಿದ್ದೆ. ಮೆಸೆನ್ ಎಮ್ಯುಲೇಟರ್‌ನಲ್ಲಿ ರ‍್ಯಾಮ್‌ಗೆ ಬೇಕೆಂದೇ ಕಸ ತುಂಬುವ ಸೆಟ್ಟಿಂಗ್ ಇದೆ. ಮೊದಲ ದಿನವೇ ಆನ್ ಮಾಡಿಕೊಳ್ಳಿ.

ಉತ್ತರ 4
ನಾವು ಬರೆದ ಆಟ ತುಂಬಿಕೊಳ್ಳುವ ಫ್ಲ್ಯಾಶ್ ಕ್ಯಾಸೆಟ್ ತರಿಸುವ ಮುಂಚೆ ಪಿನ್ ಎಣಿಸಿ ಅಣ್ಣ. ಫ್ಯಾಮಿಕಾಮ್ ಜಾತಿಗೆ 60 ಪಿನ್, ಅದರ ಅಮೆರಿಕದ ರೂಪವಾದ ಎನ್‌ಇಎಸ್‌ಗೆ 72. ನಾನು ಎಣಿಸದೆ ದುಡ್ಡು ಕಳೆದುಕೊಂಡೆ. ಇನ್ನೊಂದು, ನಮ್ಮ ಹಳೇ ಟಿವಿಗಳು ಪಾಲ್ ಎಂಬ ಪದ್ಧತಿಯವು. ನನ್ನ ಸೆಟ್ ಸೆಕೆಂಡಿಗೆ 50 ಫ್ರೇಮ್ ಓಡುತ್ತದೆ, ಎಮ್ಯುಲೇಟರ್ 60ಕ್ಕೆ ಇತ್ತು. ಹಾಡೆಲ್ಲ ನಿದ್ದೆಗಣ್ಣಲ್ಲಿ ಹಾಡಿದ ಹಾಗಾಯಿತು. ಮೆಸೆನ್‌ನಲ್ಲಿ ಡೆಂಡಿ ಅಂತ ಒಂದು ಆಯ್ಕೆ ಇದೆ, ಇಂಥ 50ರ ನಕಲು ಸೆಟ್‌ಗಳಿಗೇ ಇರುವುದು. ಅದರಲ್ಲೂ ಓಡಿಸಿ ನೋಡಿ.

ಕೇಳಿದವರು
ಎಲ್ಲರಿಗೂ ಥ್ಯಾಂಕ್ಸ್. ಸಿಸಿ65 ಹಾಕಿಕೊಂಡೆ, ಒಂದು ಚೌಕ ಎಡಕ್ಕೂ ಬಲಕ್ಕೂ ಓಡಾಡುತ್ತಿದೆ. ಮಗಳಿಗೆ ಚೌಕ ಬೇಡವಂತೆ, ಆನೆ ಬೇಕಂತೆ. ಅದೂ ಮೂರು. ಆಗುತ್ತದಾ?

ಉತ್ತರ 2
32 ಪಿಕ್ಸೆಲ್ ಅಗಲದ ಆನೆಗೆ ಒಂದು ಗೆರೆಯಲ್ಲಿ 4 ಸ್ಪ್ರೈಟ್. ಎರಡು ಆನೆ ಅಕ್ಕಪಕ್ಕ ಬಂದರೆ 8 ಭರ್ತಿ. ನಡುವೆ ಬಾಳೆಹಣ್ಣು ಇಟ್ಟರೂ ಯಾವುದಾದರೂ ಒಂದು ತುಂಡು ಮಾಯವಾಗುತ್ತದೆ. ಮೂರನೇ ಆನೆಯನ್ನು ಹಿನ್ನೆಲೆಯ ಟೈಲ್‌ಗಳಲ್ಲೇ ಬಿಡಿಸಿ ನಿಲ್ಲಿಸಿಬಿಡಿ. ನಿದ್ದೆ ಮಾಡ್ತಿದೆ ಅಂತ ಹೇಳಿ.