ಎದುರು ಪಕ್ಷದ ರಾಜ್ಯದಲ್ಲೂ ಗವರ್ನರ್‌ಗಳನ್ನ ಜನ ಮೆಚ್ಚೋದು ಹೇಗೆ?

ಸುಮ್ನೆ_ಕುತೂಹಲ: ಅಮೆರಿಕದ ಗವರ್ನರ್‌ಗಳ ಬಗ್ಗೆ ಕೇಳ್ತಿರೋದು, ಅಲ್ಲಿ ಜನಾನೇ ಓಟು ಹಾಕಿ ಆರಿಸ್ತಾರಲ್ಲ, ಅವರು. ವರ್ಮಾಂಟ್‌ನಲ್ಲಿ 2020ರಲ್ಲಿ ಮೂರರಲ್ಲಿ ಎರಡು ಪಾಲು ಓಟು ಡೆಮಾಕ್ರಟ್ ಬೈಡನ್‌ಗೆ ಬಿತ್ತು, ಆದ್ರೆ ಗವರ್ನರ್ ಫಿಲ್ ಸ್ಕಾಟ್ ರಿಪಬ್ಲಿಕನ್, 2016ರಿಂದ ಗೆಲ್ತಾನೇ ಇದಾರೆ. ಕೆಂಟಕಿ ನೋಡಿದ್ರೆ ರಿಪಬ್ಲಿಕನ್ ಟ್ರಂಪ್ ಕೋಟೆ, ಅಲ್ಲಿ ಡೆಮಾಕ್ರಟ್ ಆಂಡಿ ಬೆಶಿಯರ್ 2023ರಲ್ಲಿ ಮತ್ತೆ ಗೆದ್ರು. ಎಕಾನಮಿ ಚೆನ್ನಾಗಿದ್ರೆ ಸಾಕಾ, ಇನ್ನೇನಾದ್ರೂ ಇದ್ಯಾ?

ಲೆಕ್ಕದಮೇಷ್ಟ್ರು: ಎಕಾನಮಿ ಅರ್ಧಂಬರ್ಧ ಅಷ್ಟೇ. ಬಡ್ಡಿ ದರ, ಬೆಲೆ ಏರಿಕೆ ಎಲ್ಲಾ ಗವರ್ನರ್ ಕೈಲಿಲ್ಲ, ಅದರ ಬೈಗುಳ ಹೆಚ್ಚಾಗಿ ಅಧ್ಯಕ್ಷರಿಗೇ ಹೋಗುತ್ತೆ. ಆದ್ರೆ ನೇರವಾಗಿ ಜೇಬಿಗೆ ಕೈ ಹಾಕಿದ್ರೆ ಬಿಡಲ್ಲ. ಕ್ಯಾಲಿಫೋರ್ನಿಯಾದ ಗ್ರೇ ಡೇವಿಸ್ 2002 ನವೆಂಬರ್‌ನಲ್ಲಿ ಮರುಆಯ್ಕೆ ಆದ್ರು, ಕರೆಂಟ್ ಕಡಿತದ ಸಿಟ್ಟು ಮೊದಲೇ ಇತ್ತು, ಅದರ ಮೇಲೆ ಕಾರಿನ ವಾರ್ಷಿಕ ಶುಲ್ಕ ಮೂರು ಪಟ್ಟು ಆಯ್ತು, 2003 ಅಕ್ಟೋಬರ್‌ನಲ್ಲಿ ಜನ ರೀಕಾಲ್ ಮಾಡಿ, ಅಂದ್ರೆ ಅವಧಿ ಮಧ್ಯದಲ್ಲೇ ಓಟು ಹಾಕಿ ಇಳಿಸಿ, ಮನೆಗೆ ಕಳ್ಸಿ ಶ್ವಾರ್ಜ್‌ನೆಗರ್‌ನ ತಂದ್ರು.

ಹಳೇ_ಪೇಪರ್: ನನ್ ಪ್ರಕಾರ ಕಷ್ಟ ಬಂದಾಗ ಮನುಷ್ಯ ಎಲ್ಲಿ ಕಾಣಿಸ್ತಾನೆ ಅನ್ನೋದೇ ದೊಡ್ಡದು. ನ್ಯೂಜೆರ್ಸಿಯ ರಿಪಬ್ಲಿಕನ್ ಗವರ್ನರ್ ಆಗಿದ್ದ ಕ್ರಿಸ್ ಕ್ರಿಸ್ಟಿ ನೋಡಿ, 2012ರಲ್ಲಿ ಸ್ಯಾಂಡಿ ಚಂಡಮಾರುತ ಬಂದಾಗ ಫ್ಲೀಸ್ ಜಾಕೆಟ್ ಹಾಕ್ಕೊಂಡು ಹಾಳಾದ ಕರಾವಳಿ ಊರುಗಳಲ್ಲಿ ಓಡಾಡಿದ್ರು, ಅಧ್ಯಕ್ಷ ಚುನಾವಣೆಗೆ ವಾರಾನೂ ಇಲ್ದಿರೋವಾಗ ಡೆಮಾಕ್ರಟ್ ಒಬಾಮಾನ ಹೊಗಳಿದ್ರು, ಸ್ವಂತ ಪಕ್ಷದವರು ಉರ್ಕೊಂಡ್ರು, ರಾಜ್ಯದ ಜನ ಮಾತ್ರ ಮುಂದಿನ ವರ್ಷ 60% ಓಟು ಕೊಟ್ರು. ಅದೇ ಮನುಷ್ಯ 2017ರ ಜುಲೈನಲ್ಲಿ ಬಜೆಟ್ ಜಗಳದಿಂದ ಸರ್ಕಾರಿ ಬೀಚ್ ಎಲ್ಲಾ ಬಂದ್ ಆಗಿದ್ದಾಗ ಖಾಲಿ ಬೀಚಲ್ಲಿ ಫ್ಯಾಮಿಲಿ ಜೊತೆ ಕುರ್ಚಿ ಹಾಕ್ಕೊಂಡು ಕೂತಿದ್ರು, ಪೇಪರ್‌ನವರು ಮೇಲಿಂದ ವಿಮಾನದಲ್ಲಿ ಫೋಟೋ ಹೊಡ್ದ್ರು! ರಾಜಕೀಯ ಸೇಡಿಗೆ ಅವರ ಕಡೆಯವರು ಸೇತುವೆಯ ಲೇನ್ ಮುಚ್ಚಿಸಿ ಟ್ರಾಫಿಕ್ ಜಾಮ್ ಮಾಡ್ಸಿದ ಹಗರಣದಿಂದ ಮೊದಲೇ ಇಳಿದಿದ್ದ ಹೆಸರು ಪೂರ್ತಿ ನೆಲ ಕಚ್ತು.

ಅಡ್ಡಮಾತು: ಅದೂ ನಿಲ್ಲಲ್ಲ ಗುರು. ನ್ಯೂಯಾರ್ಕ್‌ನ ಕುವೊಮೊ 2020ರಲ್ಲಿ ದಿನಾ ಟಿವೀಲಿ ಕೋವಿಡ್ ಬ್ರೀಫಿಂಗ್ ಕೊಟ್ಟು ಸ್ಟಾರ್ ಆದ್ರು, 2021 ಆಗಸ್ಟ್‌ನಲ್ಲಿ ಲೈಂಗಿಕ ಕಿರುಕುಳದ ಆರೋಪದ ಮೇಲೆ ರಾಜೀನಾಮೆ ಕೊಟ್ರು. ಬಾಳಿಕೆ ಬರೋದು ವಾಷಿಂಗ್ಟನ್‌ನಿಂದ, ಅಂದ್ರೆ ರಾಷ್ಟ್ರ ರಾಜಕೀಯದ ಪಕ್ಷ ಜಗಳದಿಂದ, ದೂರ ಇರೋದು. ಸ್ಕಾಟ್ 2020ರಲ್ಲಿ ಬೈಡನ್‌ಗೇ ಓಟು ಹಾಕಿದೆ ಅಂತ ಬಹಿರಂಗವಾಗಿ ಹೇಳಿದವರು. ಅಲ್ಲಿನ ಶಾಸನಸಭೆ ಡೆಮಾಕ್ರಟ್‌ಗಳದ್ದು, ಇವರು ಬ್ರೇಕ್ ಹಾಕೋಕಿದಾರೆ ಅಂತ ಡೆಮಾಕ್ರಟ್ ಮತದಾರರಿಗೂ ಒಂದು ನೆಮ್ಮದಿ. ಬೆಶಿಯರ್‌ಗೆ ಅಪ್ಪನೂ ಗವರ್ನರ್ ಆಗಿದ್ದ ಹೆಸರಿತ್ತು ಅನ್ನೋದನ್ನೂ ಮರೀಬೇಡಿ.

ಸುಮ್ನೆ_ಕುತೂಹಲ: ಹಾಗಾದ್ರೆ ಇದೇ ಜನಪ್ರಿಯತೆ ಇಟ್ಕೊಂಡು ಸೆನೆಟ್‌ಗೆ (ದೇಶದ ಸಂಸತ್ತಿನ ಮೇಲ್ಮನೆಗೆ) ನಿಂತ್ರೆ?

ಅಡ್ಡಮಾತು: ಅಲ್ಲಿ ಕೈ ಕೊಡುತ್ತೆ. ಮೇರಿಲ್ಯಾಂಡ್‌ನಲ್ಲಿ ಎರಡು ಅವಧಿ ಗವರ್ನರ್ ಆಗಿದ್ದ ರಿಪಬ್ಲಿಕನ್ ಲ್ಯಾರಿ ಹೋಗನ್ 2024ರಲ್ಲಿ ಸೆನೆಟ್‌ಗೆ ನಿಂತು ಸೋತ್ರು. ಸೆನೆಟ್ ಅಂದ್ರೆ ಯಾರ ಪಕ್ಷಕ್ಕೆ ಬಹುಮತ ಅನ್ನೋ ಲೆಕ್ಕ ಬಂದ್ಬಿಡುತ್ತೆ.